ಬೋರಲು ಹಾಕಿದ ತಂಬಿಗೆ

ಸಿರುಗುಪ್ಪದ ನಮ್ಮ ಓಣಿಯಲ್ಲಿ ಗುಲ್ಜಾರಬೀ ಅಜ್ಜಿಯ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಸಂಜೆ ಮಳೆ ಹಿಡಿಯಿತೆಂದರೆ ಹೆಂಗಸರೆಲ್ಲ ಶೇಂಗಾದ ಮೊರ ಹಿಡಿದು ಅವಳ ಪಡಸಾಲೆಯಲ್ಲಿ ಸೇರುತ್ತಿದ್ದರು. ಕೈ ಕಾಯಿ ಸುಲಿಯುತ್ತಿದ್ದರೆ ಕಿವಿ ಅವಳ ಮಾತಿನ ಮೇಲೆ. ನನಗಾಗ ಹತ್ತು ವರ್ಷ, ಅವಳಿಗೆ ಎಂಬತ್ತು. ಅವಳ ಹೊಸ್ತಿಲ ಪಕ್ಕ ಒಂದು ತಾಮ್ರದ ತಂಬಿಗೆ ಯಾವಾಗಲೂ ಬೋರಲು ಬಿದ್ದಿರುತ್ತಿತ್ತು. ಯಾಕೆಂದು ನಾವು ಯಾರೂ ಕೇಳಿರಲಿಲ್ಲ. ಅವತ್ತು, ಓಣಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ಜಡೆಮ್ಮ ಅದನ್ನೆತ್ತಿ ಸೂರಿನ ನೀರಿಗೆ ಹಿಡಿದಿಟ್ಟು ಒಳಗೆ ಬಂದಳು.

ಅಜ್ಜಿಯ ಕೈ ನಿಂತಿತು.

"ತಂಬಿಗಿ ಎತ್ತಿಟ್ಟಾಕಿ ಯಾರು?"

"ನಾನ್ರೀ ಅಜ್ಜಿ. ಸುಮ್ನ ಹರದು ಹೋಗೋ ನೀರು, ತುಂಬ್ಲಿ ಅಂತ."

"ತುಂಬೇತೇನು?"

"ಆಗ್ಲೇ ತುಂಬಿ ಚೆಲ್ಲಾಕ ಹತ್ತೈತ್ರಿ."

ಅಜ್ಜಿ ಬಾಗಿಲ ಕಡೆಗೆ ನೋಡುತ್ತ ಕುಳಿತಳು. ಆಮೇಲೆ, "ಇಟ್ಟಿದ್ದು ಇಟ್ಟಿ. ಯಾಕ ಇಡಬಾರ್ದಿತ್ತು ಅಂತ ಈಗರ ಕೇಳು" ಎಂದು ಶುರು ಮಾಡಿದಳು.

ಬರ್ಮಾ ಲಡಾಯಿಗೆ ಹೋದಾವ್ರು ತಿರುಗಿ ಬಂದು ಎರಡು ವರ್ಷ ಆಗಿತ್ತವ್ವಾ. ನನಗ ಇಪ್ಪತ್ತು. ನಮ್ಮಣ್ಣ ಲಾಲಸಾಬ್ ಬಳ್ಳಾರಿ ದಂಡಿನಾಗ ಸಿಪಾಯಿ ಆಗಿ ಹಡಗು ಹತ್ತಿದಾವ, ತಿರುಗಿ ಬರ್ಲಿಲ್ಲ. ದೊಡ್ಡ ಬರದಾಗ ನನ್ನ ಹೆಗಲ ಮ್ಯಾಲೆ ಹೊತ್ತು ಗಂಜಿ ಹಾಕೋ ಕಡಿ ಒಯ್ದು, ತನ್ನ ಪಾಲಿಂದೂ ನನಗ ಕುಡಿಸಿದಾವ... ಅಂಥಾ ಅಣ್ಣ. ಸತ್ತ ಸುದ್ದಿ ತಂದಾವ ಅವನ ಹವಾಲ್ದಾರ, ನನ್ನೇಸಾಬ. "ಎದೀಗೆ ಏಟು ತಿಂದು ನಿಂತಲ್ಲೇ ಜೀವ ಬಿಟ್ಟ, ಶಹೀದ್ ಆದ. ರಕ್ತದ ಅಂಗೀಲೇ ಮಣ್ಣು ಕೊಟ್ವಿ" ಅಂದ. ನಮ್ಮಾಗ ಹಂಗ ಐತಿ, ಲಡಾಯಿಯಾಗ ಬಿದ್ದಲ್ಲೇ ಸತ್ತಾವಗ ಮೈ ತೊಳಿಯೋದಿಲ್ಲ, ಆ ರಕ್ತಾನೇ ಅವನ ಸ್ನಾನ. ಗಾಯ ಆಗಿ ದಿನಗಟ್ಲೆ ನರಳಿ ಸತ್ರ ಮಾತ್ರ ತೊಳಿಬೇಕು, ಬಾರಿಹಣ್ಣಿನ ಗಿಡದ ಎಲಿ ಹಾಕಿ ಕಾಸಿದ ನೀರಾಗ. ನಮ್ಮವ್ವ ರಹೀಮಾಬೀ ಓಣಿಗೆಲ್ಲ ಸಕ್ಕರಿ ಹಂಚಿದ್ಲು. ಆದ್ರ ದಿನಾ ನಸುಕಿನ್ಯಾಗ ಎದ್ದು ಕುಂದ್ರಾಕಿ. "ಲಾಲ್ಯಾ ಬಚ್ಚಲ ಬಾಗ್ಲಾಗ ನಿಂತಾನ, ನೀರು ಹಾಕವ್ವಾ ಅಂತಾನ" ಅನ್ನಾಕಿ. ನಿಂತಲ್ಲೇ ಸತ್ತಾವ ನೀರು ಯಾಕ ಕೇಳ್ತಾನ? ಅವ ಹೆಂಗ ಸತ್ತ? ನನಗ ಅದೊಂದು ತಿಳೀಬೇಕಾಗಿತ್ತು, ಅದೊಂದೇ.

ಕುರುಗೋಡು ಗೌಡ ಕೊಟ್ಟೂರಪ್ಪಗ ಹಳೇ ಕೋಟಿ, ಹಳೇ ಕತ್ತಿ ಅಂದ್ರ ಹುಚ್ಚು. ಗುಡ್ಡದ ಕೋಟಿ ತೋರಿಸಿ, ಬಳ್ಳಾರಿಯಿಂದ ನನ್ನೇಸಾಬನ್ನ ಕರಸಿ ಲಡಾಯಿ ಕತಿ ಹೇಳಸ್ತೀನಿ ಅಂತ ಊರೂರಿಗೆ ಡಂಗುರ ಹೊಡಿಸಿದ. ನನ್ನ ಗಂಡ ಚಾಂದಸಾಬ್ ಕೋಳಿ ಕೂಗೋದ್ರಾಗ ಬಂಡಿ ಕಟ್ಟಿದ. ಜೋಡಿಗೆ ಬಾಜು ಮನಿ ಹಂಪಕ್ಕ. ಅವ್ವ ಎಲಿ ಹಾಕಿ ಕಾಸಿದ ನೀರು ಆ ತಂಬಿಗಿ ತುಂಬ ಕೊಟ್ಟು, "ಖರೇ ಏನಂತ ತಿಳಿದ ಮ್ಯಾಲೆ, ಬೇಕಾದ್ರ ಅವನ ಹೆಸರಿಲೆ ಅಲ್ಲೇ ಹಾಕಿಬಿಡು" ಅಂದ್ಲು.

ಯುಗಾದಿ ಆಗಿತ್ತು, ಗುಡ್ಡದ ಬಂಡಿಗಲ್ಲಿನ ಮ್ಯಾಲೆ ಕಾಲಿಟ್ರ ಸುಡ್ತಿತ್ತು. ಗೌಡ ಮುಂದ ಮುಂದ ಹತ್ಕೊಂತ, ಇಲ್ಲಿ ಬಾಗ್ಲು ಒಡದ್ರು, ಇಲ್ಲಿಂದ ಕುದಿಯೋ ಎಣ್ಣಿ ಸುರದ್ರು, ಇಲ್ಲಿ ಹೆಣ ಹಾಸಿಗಿ ಹಾಸಿದಂಗ ಬಿದ್ದಿದ್ವು ಅಂತ ತೋರಿಸಿದ. ಹಂಪಕ್ಕ ಸೊಂಟ ಹಿಡ್ಕೊಂಡು, "ಗೌಡ್ರೇ, ವೈರಿಗೆ ಈ ಗುಡ್ಡ ಹತ್ತಿಸಿದ್ರ ಸಾಕಿತ್ತಲ್ಲ, ಎಣ್ಣಿ ಯಾಕ ದಂಡ ಮಾಡಿದ್ರು" ಅಂದ್ಲು. ಎಲ್ಲಾರೂ ನಕ್ರು. ಅವತ್ತಿನ ನಗಿ ಅಲ್ಲಿಗೇ ಮುಗೀತು.

ಗಂಡಸ್ರು ಬಯಲಾಗ ಕುಂತ್ರು, ನಾವು ಬಿದ್ದ ಗೋಡಿ ಹಿಂದ, ಕಂಡಿಯಾಗ ಕಣ್ಣಿಟ್ಟು. ನನ್ನೇಸಾಬ ಕೆಂಪು ಅಂಗಿ ತೊಟ್ಟು, ಎದೀಗೆ ಲಡಾಯಿ ಪದಕದ ಬಿಲ್ಲಿ ತೂಗಹಾಕಿ, ಬಂದೂಕಿನ ತುದಿಗೆ ಚೂರಿಯಂಥಾ ಸಂಗೀನು ಸಿಗಿಸಿ ನಿಂತಿದ್ದ. ಏನು ಮಾತು ಅವಂದು... ಬಿದಿರಿನ ಮನಿಗಳು, ಒಂದು ಪಂಜಿಗೆ ಒಂದು ಊರು ಉರೀತಿತ್ತಂತ. ಹೊರಗ ಓಡಿ ಬಂದಾವ್ರನ್ನ ಬಾಗ್ಲಾಗೇ ಚುಚ್ಚಿ ಮತ್ತ ಒಳಗ ಎಸೀತಿದ್ರಂತ. ಕಡಿದ ತಲಿ ಬಿದಿರಿಗೆ ಸಿಗಿಸಿದ್ದು ಎಷ್ಟು ಅಂತ ಬೆರಳು ಮಡಚಿ ಹೇಳ್ದ. ಕೈಬೆರಳು ಮುಗಿದ್ವು, ಕಾಲಬೆರಳು ತೋರಿಸಿದ. "ಇವನ ಬಾಯಾಗ ಮಣ್ಣು ಬೀಳ್ಲಿ" ಅಂತ ಹಂಪಕ್ಕ ಸೆರಗು ಕಚ್ಚಿದ್ಲು.

ಆಮ್ಯಾಲೆ ಅವ, "ಸಂಗೀನು ಹೆಂಗ ಹಾಕೋದು ತೋರಸ್ತೀನಿ, ಒಬ್ಬಾವ ವೈರಿ ಆಗಾಕ ಬರ್ರಿ" ಅಂದ. ಯಾರು ಏಳ್ತಾರ?

ಒಬ್ಬಾವ ಎದ್ದ.

ನಮಗ ಬೆನ್ನು ಮಾಡಿ ನಡದು ಹೋದ. ಕೆಂಪು ಅಂಗಿ, ಬೆನ್ನಾಗ ಒಂದು ತೂತು. ಆ ತೂತಿನ್ಯಾಗ ಹಾಯ್ದು ಅತ್ಲಾಗಿನ ಗೋಡಿ ಕಾಣ್ತಿತ್ತು. ಅವ ಒಂದೇ ಸಲ ಹೊಳ್ಳಿ ನನ್ನ ನೋಡಿದ... ತುಟಿ ಒಡದು ಕರ್ರಗಾಗಿದ್ವು. ಹೆಗಲ ಮ್ಯಾಲೆ ಹೊತ್ತಾವನ ಮಾರಿ ಮರೀತೀನೇನು ನಾನು? "ಹಂಪಕ್ಕ, ಕಂಡನೇನು?" ಅಂದೆ. "ಯಾರು? ಬರೇ ಬಿಸ್ಲು ಐತಿ" ಅಂದ್ಲು.

ನನ್ನೇಸಾಬಗ ಕಂಡಿದ್ದ. ಸುಮ್ನ ಗಾಳಿಗೆ ಸಂಗೀನು ತಿವಿಯಾಕ ಹತ್ತಿದ, ಒದರಾಕ ಹತ್ತಿದ. "ಲೇ ಲಾಲ್ಯಾ, ಒಳಗ ಕೂಸುಗಳು ಅದಾವ, ಬೆಂಕಿ ಹಚ್ಚಂಗಿಲ್ಲ ಅಂದಿ, ಅದಕ್ಕ ಬೆನ್ನಾಗ ಹಾಕಿದೆ. ಮೂರು ದಿನ ನೀರು ನೀರು ಅಂತ ನೆಲ ಕೆರದಿ, ಹನಿ ಕೊಡ್ಲಿಲ್ಲ ಖರೇ... ಇನ್ನೂ ಸತ್ತಿಲ್ಲೇನಲೇ ನೀನು?" ಅಣ್ಣ ಸಂಗೀನು ಮೈಯಾಗ ಹೊಕ್ರೂ ಒಂದೊಂದು ಹೆಜ್ಜಿ ಇಟ್ಕೊಂತ ಹತ್ರ ಬಂದ, ಬಂದೂಕು ಹಿಡಿದ, ತಿರುಗಿಸಿದ. ಮಂದಿಗೆ ಕಂಡಿದ್ದು ಏನು ಗೊತ್ತೇನು? ಹವಾಲ್ದಾರ ತಾನೇ ಬಂದೂಕಿನ ಹಿಡಿ ಬಂಡಿಗಲ್ಲಿನ ಸಂದ್ಯಾಗ ಊರಿ, ಅದರ ಮ್ಯಾಲೆ ಬಿದ್ದ. ಹೊಟ್ಟ್ಯಾಗ ಹೊಕ್ಕಿದ್ದು ಬೆನ್ನಾಗ ಬಂತು. ಕರಳು ಬಂಡಿಗಲ್ಲಿನ ಮ್ಯಾಲೆ ಸುರೀತು, ಬಿಸಿ ಕಲ್ಲಿಗೆ ಚುರ್ ಅಂತು. ಮಂದಿ ಎದ್ದು ಬಿದ್ದು ಓಡಿದ್ರು.

ನನ್ನೇಸಾಬ ಜೀವ ಬಿಡ್ಲಿಲ್ಲ. ತೆವಳಿಕೊಂತ ನಮ್ಮ ಕಂಡಿ ತನಕ ಬಂದ. "ತಂಗೀ... ನೀರು" ಅಂದ. ಅವನ ಹಿಂದ ಅಣ್ಣ ನಿಂತಿದ್ದ, ಏನೂ ಕೇಳ್ಲಿಲ್ಲ. ಕೈಯಾಗ ಇದ್ದದ್ದು ಒಂದೇ ತಂಬಿಗಿ.

ಹೆಣ್ಣುಮಕ್ಕಳು ಅಣ್ಣಗ ಮೈ ತೊಳಿಯಂಗಿಲ್ಲವ್ವಾ, ಅದು ಗಂಡಸ್ರ ಕೆಲಸ. ಗೋಡಿ ದಾಟಿ ಹೋಗಿ ನಾನು ತೊಳದೆ. ಬಿಸ್ಮಿಲ್ಲಾ ಅಂದು ಅಣ್ಣನ ಕಾಲಾಗ ನೀರು ಹೊಯ್ದೆ. ಕಲ್ಲಿನ ಮ್ಯಾಲೆ ಕೆಂಪಗ ಹರೀತು, ಆಮ್ಯಾಲೆ ತಿಳಿ ಹರೀತು... ಅಣ್ಣ ಇರ್ಲಿಲ್ಲ. ಅವ್ವನ ಬಚ್ಚಲ ಬಾಗ್ಲಿಗೂ ಮುಂದ ಎಂದೂ ಬರ್ಲಿಲ್ಲ.

ಕತಿ ಅಲ್ಲಿಗೇ ಮುಗದಿದ್ರ ಚಲೋ ಇತ್ತು. ತಂಬಿಗಿ ತಳದಾಗ ಒಂದು ಗುಟುಕು ಉಳದಿತ್ತವ್ವಾ. ನನ್ನೇಸಾಬ ಅದನ್ನ ನೋಡಿದ, ಬಾಯಿ ತೆರದ. ನಾನು ಅವನ ಕಣ್ಣು ನೋಡ್ಕೊಂತ, ತಂಬಿಗಿ ಮಣ್ಣಾಗ ಬೋರಲು ಹಾಕಿದೆ. ಅವ ಆ ಮಣ್ಣು ನೆಕ್ಕಿದ. ಹೊತ್ತು ಮುಳುಗೋ ತನಕ ನೆಕ್ಕಿದ... ನಾನು ಕುಂತು ನೋಡಿದೆ. ಅವ ಕೊಂದಿದ್ದಕ್ಕೂ ನಾನು ಕೊಡದಿದ್ದಕ್ಕೂ ಎಷ್ಟು ಅಂತರ ಐತಿ? ಅರವತ್ತು ವರ್ಷ ಆತು, ಅಳೀತಾನೇ ಅದೀನಿ.

ಮಳಿ ಹಿಡಿದ ಸಂಜಿ ಆ ನನ್ನೇಸಾಬ ಬರ್ತಾನ. ತಂಬಿಗಿ ಬೋರಲಿದ್ರ ಹೊಸ್ತಿಲ ಮುಂದ ಒಂದು ಗಳಿಗಿ ನಿಂತು ಹೋಗ್ತಾನ.

ಅಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿದಳು. ಹೊರಗೆ ಮಳೆ ಹಾಗೇ ಸುರಿಯುತ್ತಿತ್ತು. "ಹೋಗು, ತಂಬಿಗಿ ತಗೊಂಬಾ" ಎಂದು ಜಡೆಮ್ಮನನ್ನು ಕಳಿಸಿದಳು. ಸೂರಿನ ನೀರು ನೇರ ಅದರ ಬಾಯಿಗೇ ಬೀಳುತ್ತಿದ್ದುದನ್ನು ನಾನೂ ಕಂಡೆ. ಜಡೆಮ್ಮ ತಂದದ್ದನ್ನು ಚಿಮಣಿಯ ಬೆಳಕಿಗೆ ಹಿಡಿದಳು. ಒಳಗೆ ಒಂದು ಹನಿ ಇರಲಿಲ್ಲ. ಒಲೆಯ ಮೇಲಿಟ್ಟು ಒಣಗಿಸಿದ ಹಾಗೆ ಇತ್ತು. ತಳದಲ್ಲಿ ಒಂದಿಷ್ಟು ಮಣ್ಣು.

ಅಜ್ಜಿ ಅದನ್ನು ಇಸಿದುಕೊಳ್ಳಲಿಲ್ಲ.

"ಅರವತ್ತು ವರ್ಷ ಕೊಡದಾಕಿ ಬಾಗ್ಲಿಗೆ ಬಂದ. ಇವತ್ತು ಕೊಟ್ಟಾಕಿ ಸಿಕ್ಕಳು" ಎಂದಳು. "ನಿಮ್ಮ ಮನಿ ಬಾಗ್ಲು ಯಾವ ಕಡಿ ಐತಿ, ಜಡೆಮ್ಮಾ?"