ಎತ್ತಿ ಬಿಟ್ಟಾಗ ಮುರಿದ ಫೋರ್ಕು

ಸೈಕಲ್ ದುರಸ್ತಿಗಾರರ ಸಂಘದ ಅಧ್ಯಕ್ಷರೇ, ಅವರ ಬಲಗಡೆ ಕುಳಿತಿರುವ ಮುಖ್ಯ ಅತಿಥಿಗಳೂ, ನಿವೃತ್ತ ಗಣಿತ ಶಿಕ್ಷಕರೂ, ನಮ್ಮ ಅಂಗಡಿಯ ಹಳೆಯ ಗಿರಾಕಿಗಳೂ ಆದ ಮೇಷ್ಟ್ರೇ, ಇಂದು ಬೀಳ್ಕೊಡುಗೆ ಸ್ವೀಕರಿಸುತ್ತಿರುವ ನನ್ನ ಅಕ್ಕನೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಬಾಗಿಲಿಗೆ ಹತ್ತಿರವಾಗಿ ಜಾಣತನದಿಂದ ಕುಳಿತಿರುವ ಸಭಿಕರೇ,

ತಡವಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ಪ್ಯಾಂಟಿನ ಮೊಣಕಾಲು ಹರಿದಿರುವುದಕ್ಕೂ ಕ್ಷಮೆ ಇರಲಿ. ಎರಡಕ್ಕೂ ಕಾರಣ ಒಂದೇ. ಅದು ಭಾಷಣದ ಕೊನೆಗೆ ಬರುತ್ತದೆ. ಮೇಜಿಗೆ ಒರಗಿಕೊಂಡು ಮಾತಾಡಲು ಅಧ್ಯಕ್ಷರು ಅನುಮತಿ ಕೊಡಬೇಕು. ತಲೆಯಾಡಿಸಿದರು. ಧನ್ಯವಾದ.

'ಅಕ್ಕನ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿ, ಬೇಗ ಮುಗಿಸಿ' ಎಂದು ಸಂಘದವರು ಹೇಳಿದ್ದಾರೆ. ಅಂಗಡಿಯ ವಿಷಯ ಬಿಟ್ಟು ಅಕ್ಕನ ಬಗ್ಗೆ ಮಾತಾಡಲು ಬರುವುದಿಲ್ಲ. ಆದ್ದರಿಂದ ಅಂಗಡಿಯಿಂದಲೇ ಆರಂಭಿಸುತ್ತೇನೆ.

ನಮ್ಮ ಅಂಗಡಿ ಅಪ್ಪ ಕಟ್ಟಿದ್ದು. ಉದ್ದಕ್ಕೆ ಮೂರು ಸೈಕಲ್, ಅಗಲಕ್ಕೆ ಒಂದು ಸೈಕಲ್ ಮತ್ತು ಅಪ್ಪ. ಅಪ್ಪನಿಗೆ ಒಂದು ಪದ್ಧತಿ ಇತ್ತು. ಯಾವ ಸೈಕಲ್ ಬಂದರೂ, ಸ್ಪ್ಯಾನರ್ ಮುಟ್ಟುವ ಮೊದಲು ಅದನ್ನು ನೆಲದಿಂದ ಒಂದು ಗೇಣು ಎತ್ತಿ ಕೈಬಿಡುತ್ತಿದ್ದರು. ಬಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಡ್‌ಗಾರ್ಡ್ ಸಡಿಲವಾಗಿದ್ದರೆ ಒಂದು ಸದ್ದು, ಬೇರಿಂಗ್ ಸವೆದಿದ್ದರೆ ಇನ್ನೊಂದು. 'ಗಿರಾಕಿ ಸುಳ್ಳು ಹೇಳಬಹುದು, ಸೈಕಲ್ ಹೇಳಲ್ಲ' ಎನ್ನುತ್ತಿದ್ದರು. ಈ ವಿದ್ಯೆಯನ್ನು ನಮ್ಮಿಬ್ಬರಿಗೂ ಕಲಿಸಿದರು. ಅಕ್ಕನಿಗೆ ಪೂರ್ತಿ ಬಂತು. ನನಗೆ ಎತ್ತುವುದು ಬಂತು, ಬಿಡುವುದು ಬಂತು, ಕೇಳುವುದು ಬರಲಿಲ್ಲ. ನನ್ನ ಹೆಂಡತಿಯೂ ಇದನ್ನೇ ಹೇಳುತ್ತಾಳೆ.

ಆದ್ದರಿಂದ ಅಪ್ಪ ನನ್ನನ್ನು ಕಾಲೇಜಿಗೆ ಕಳಿಸಿದರು. ಮನೆಯಲ್ಲಿ ಇದ್ದದ್ದು ಒಂದೇ ಸೈಕಲ್. ಅದನ್ನು ನಾನು ಓಡಿಸಿದೆ, ಅಕ್ಕ ರಿಪೇರಿ ಮಾಡಿದಳು. ಹಂಚಿಕೊಂಡು ಬಾಳುವುದು ಎಂದರೆ ಇದೇ ಅಲ್ಲವೇ? ಕನ್ನಡದಲ್ಲಿ ಪದವಿ ಪಡೆದು ಬಂದು ಗಲ್ಲಾದ ಹಿಂದೆ ಕುಳಿತೆ. ನನ್ನ ಓದಿನಿಂದ ಅಂಗಡಿಗೆ ಆದ ಲಾಭ ಪ್ರಾಸ. ಪಂಪಿನ ಮೇಲೆ ನೇತು ಹಾಕಿರುವ 'ಗಾಳಿ ನಮ್ಮದು, ತೂತು ನಿಮ್ಮದು' ಎಂಬ ಹಲಗೆ ನನ್ನದೇ. ಅದನ್ನು ಓದಿ ನಕ್ಕವರುಂಟು, ಜಗಳಕ್ಕೆ ಬಂದವರುಂಟು. ಸಾಹಿತ್ಯಕ್ಕೆ ಇನ್ನೇನು ಬೇಕು?

ಈಗ ಫೋರ್ಕಿನ ವಿಷಯ.

ಕೆಲವು ತಿಂಗಳ ಹಿಂದೆ ಮೇಷ್ಟ್ರು ತಮ್ಮ ಸೈಕಲ್ ತಂದರು. 'ಬ್ರೇಕ್ ಸ್ವಲ್ಪ ಬಿಗಿ ಮಾಡಿಕೊಡಿ' ಎಂದರು, ಅಷ್ಟೇ. ಅಕ್ಕ ಪದ್ಧತಿಯಂತೆ ಸೈಕಲ್ ಎತ್ತಿದಳು, ಬಿಟ್ಟಳು. ಮುಂದಿನ ಚಕ್ರವನ್ನು ಹಿಡಿದುಕೊಂಡಿರುವ ಕವಲಿಗೆ ಫೋರ್ಕು ಎನ್ನುತ್ತೇವಲ್ಲ, ಅದು ಕುತ್ತಿಗೆಯಲ್ಲಿ ತುಂಡಾಯಿತು. ಚಕ್ರ ನಿಧಾನವಾಗಿ ಉರುಳಿಕೊಂಡು ಬಂದು, ದೂರು ಕೊಡಲು ಬಂದವರ ಹಾಗೆ ಗಲ್ಲಾಕ್ಕೆ ಒರಗಿ ನಿಂತಿತು.

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

'ನಾನು ತಂದದ್ದು ಒಂದು ಸೈಕಲ್ ಕಣಮ್ಮ. ಈಗ ಎರಡಿದೆ.'

'ಒಳಗೆಲ್ಲ ತುಕ್ಕು ತಿಂದಿದೆ ಮೇಷ್ಟ್ರೇ, ನೋಡಿ ಇಲ್ಲಿ. ಬಣ್ಣ ಹಿಡ್ಕೊಂಡಿತ್ತು ಅಷ್ಟೆ.'

'ಬಣ್ಣವೋ ಕಬ್ಬಿಣವೋ, ನಾನು ಓಡಿಸ್ಕೊಂಡೇ ಬಂದೆ ತಾನೆ?'

'ಇಳಿಜಾರಲ್ಲಿ ಮುರಿದಿದ್ರೆ ನೀವೂ ಎರಡಾಗ್ತಿದ್ರಿ.'

'ಮುರೀಲಿಲ್ಲವಲ್ಲ.'

ಸಭಿಕರೇ, ಯಾರು ಕೊಡಬೇಕು? ಸವೆದದ್ದು ಮೇಷ್ಟ್ರ ಮನೆಯಲ್ಲಿ. ಮುರಿದದ್ದು ನಮ್ಮ ಅಂಗಡಿಯಲ್ಲಿ. ಓಡುತ್ತಿತ್ತು ಎನ್ನುವುದು ನಿಜ. ಓಡಬಾರದಿತ್ತು ಎನ್ನುವುದೂ ನಿಜ. ನಮ್ಮ ಸಂಘ ಇದನ್ನು ಒಂದು ಇಡೀ ಸಭೆ ಚರ್ಚಿಸಿ, 'ಆಯಾ ಅಂಗಡಿಯವರು ಆಯಾ ಸಂದರ್ಭಕ್ಕೆ ತಕ್ಕಂತೆ' ಎಂದು ತೀರ್ಮಾನಿಸಿ, ಚಹಾ ಕುಡಿದು ಎದ್ದಿತು.

ಅಕ್ಕ ಮಾತ್ರ ಅಂದೇ ಹೇಳಿದ್ದಳು: 'ಅಂಗಡಿ ಕೊಡ್ಲಿ ಬಿಡೋ. ನಮ್ಮ ಪದ್ಧತಿ, ನಮ್ಮ ಖರ್ಚು.'

'ಇವತ್ತು ಒಬ್ಬರಿಗೆ ಕೊಟ್ರೆ ನಾಳೆ ಊರಿನ ತುಕ್ಕೆಲ್ಲ ನಮ್ಮ ಬಾಗಿಲಿಗೆ ಬರುತ್ತೆ' ಎಂದೆ ನಾನು. ಅಂದು ಸಂಜೆಯೇ ಹೊಸ ಹಲಗೆ ಬರೆದೆ: 'ಸವೆದದ್ದು ನಿಮ್ಮದು, ಮುರಿದರೂ ನಿಮ್ಮದು, ಬಿಚ್ಚುವುದಷ್ಟೇ ನಮ್ಮದು.'

ಅಕ್ಕ ಕೈ ಒರೆಸಿಕೊಳ್ಳುತ್ತಾ ಓದಿದಳು. 'ಪ್ರಾಸ ಚೆನ್ನಾಗಿದೆ ಕಣೋ. ನ್ಯಾಯ ಎಲ್ಲಿ?'

'ಹಲಗೆ ಚಿಕ್ಕದು' ಎಂದೆ.

ಮೇಷ್ಟ್ರಿಗೆ ಹೊಸ ಫೋರ್ಕು ಹಾಕಿಕೊಟ್ಟೆವು. ಅವರು ದುಡ್ಡು ಕೊಡಲಿಲ್ಲ. ಲೆಕ್ಕ ಕಲಿಸಿದವರ ಹತ್ತಿರ ಲೆಕ್ಕ ಕೇಳಲು ನನಗೂ ಬಾಯಿ ಬರಲಿಲ್ಲ. ಅಂಗಡಿ ಕೊಡಬಾರದು ಎಂದು ಹಲಗೆಯೇ ಹೇಳುತ್ತಿತ್ತು. ಹಾಗಾದರೆ ಉಳಿದವರು ಯಾರು? ತಿಂಗಳ ಕೊನೆಯಲ್ಲಿ ಅಕ್ಕನ ಪಾಲಿನಿಂದ ಫೋರ್ಕಿನ ದುಡ್ಡು ಹಿಡಿದುಕೊಂಡೆ. ತಪ್ಪು ತಿಳಿಯಬೇಡಿ. ಎತ್ತಿದವಳು ಅವಳು, ಬಿಟ್ಟವಳು ಅವಳು. ನಾನು ಗಲ್ಲಾ ಬಿಟ್ಟು ಎದ್ದೇ ಇರಲಿಲ್ಲ.

ಮೇಷ್ಟ್ರೇ, ಇದು ನಿಮಗೆ ಗೊತ್ತಿರಲಿಲ್ಲ ಎಂದು ನಿಮ್ಮ ಮುಖ ಹೇಳುತ್ತಿದೆ. ಸ್ವಲ್ಪ ನೀರು ಕುಡಿಯಿರಿ.

ಅಕ್ಕ ಜಗಳವಾಡಲಿಲ್ಲ. 'ಸರಿ' ಎಂದು ನಕ್ಕಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವಳು ನಗುವುದು ಕೋಪ ಬಂದಾಗ. ಮಾರನೆಯ ದಿನದಿಂದ ಸೈಕಲ್ ಎತ್ತುವುದನ್ನೇ ನಿಲ್ಲಿಸಿದಳು. ಗಿರಾಕಿ ಚೈನ್ ಎಂದರೆ ಚೈನ್, ಬ್ರೇಕ್ ಎಂದರೆ ಬ್ರೇಕ್. 'ಯಾಕೆ, ಎತ್ತಿ ನೋಡಲ್ವಾ?' ಎಂದು ಕೇಳಿದೆ.

'ಎತ್ತಿದ್ರೆ ಮುರಿಯತ್ತೆ, ಮುರಿದ್ರೆ ನನ್ನ ತಲೆ ಮೇಲೆ. ಮುಚ್ಚಿರೋ ತುಕ್ಕು ಮುಚ್ಚೇ ಇರ್ಲಿ ಬಿಡು.' ಅಷ್ಟು ಹೇಳಿ ನನ್ನ ಜೊತೆ ಮಾತು ಬಿಟ್ಟಳು.

ನಾಳೆಯಿಂದ ಅವಳ ಕೆಲಸ ಬಿಡಿಭಾಗ ಮಾರುವ ದೊಡ್ಡ ಮಳಿಗೆಯಲ್ಲಿ. ಅಲ್ಲಿ ಎಲ್ಲವೂ ಪೊಟ್ಟಣದಲ್ಲಿರುತ್ತದೆ. ಯಾವುದೂ ಸವೆದಿರುವುದಿಲ್ಲ, ಆದ್ದರಿಂದ ಯಾವುದೂ ಮುರಿಯುವುದಿಲ್ಲ, ಆದ್ದರಿಂದ ಯಾರೂ ತಮ್ಮನ ಜೊತೆ ಮಾತು ಬಿಡಬೇಕಾಗಿಲ್ಲ. ಒಳ್ಳೆಯ ಜಾಗ. ಸಂಘದ ವತಿಯಿಂದ ಅವಳಿಗೆ ಈ ಗೋಡೆ ಗಡಿಯಾರವನ್ನು ಕೊಡಬೇಕು ಎಂದು ನನಗೆ ಹೇಳಿದ್ದಾರೆ. ಕೊಡುತ್ತೇನೆ. ಅದಕ್ಕೆ ಮೊದಲು ಇನ್ನೊಂದು ವಸ್ತು.

ಅಕ್ಕ ಎತ್ತುವುದನ್ನು ಬಿಟ್ಟ ಮೇಲೆ ಆ ಕೆಲಸ ನಾನು ಹಿಡಿದೆ. ಅಪ್ಪನ ಪದ್ಧತಿ ನಿಲ್ಲಬಾರದಲ್ಲ. ಎತ್ತಿದೆ, ಬಿಟ್ಟೆ, ಕಣ್ಣನ್ನೂ ಮುಚ್ಚಿದೆ. ನನಗೆ ಎಲ್ಲ ಸೈಕಲ್ಲಿಗೂ ಕೇಳಿಸಿದ್ದು ಒಂದೇ: ಧಡ್. ಇವತ್ತು ಹೊರಡುವ ಮುನ್ನ ನನ್ನ ಸೈಕಲ್ಲನ್ನೂ ಎತ್ತಿ ಬಿಟ್ಟೆ. ಧಡ್ ಎಂದಿತು. 'ಗಟ್ಟಿಯಾಗಿದೆ' ಎಂದುಕೊಂಡು ಹತ್ತಿದೆ. ಈ ಸಭಾಂಗಣಕ್ಕೆ ಬರುವ ಇಳಿಜಾರು ನಿಮಗೆಲ್ಲ ಗೊತ್ತು. ಅದರ ಅರ್ಧಕ್ಕೆ ಬಂದಾಗ ಎಡಗಾಲಿನ ಕೆಳಗೆ ಪೆಡಲ್ ಇರಲಿಲ್ಲ. ಪೆಡಲ್ ರಸ್ತೆಯಲ್ಲಿತ್ತು. ನಾನು ಚರಂಡಿಯಲ್ಲಿದ್ದೆ.

ಇಗೋ, ಜೇಬಿನಲ್ಲಿದೆ. ಗಡಿಯಾರದ ಪಕ್ಕದಲ್ಲಿ ಇಡುತ್ತೇನೆ. ಅಧ್ಯಕ್ಷರೇ, ಗ್ರೀಸು ಇದೆ, ಶಾಲಾ ಮಕ್ಕಳ ಹಾಗೆ ಮುಟ್ಟಬೇಡಿ.

ಇದು ಅಂಗಡಿಯಲ್ಲಿ ಮುರಿಯಲಿಲ್ಲ. ಆದ್ದರಿಂದ ಯಾರು ಕೊಡಬೇಕು ಎಂಬ ಜಗಳವೇ ಇಲ್ಲ. ಎಷ್ಟು ಅನುಕೂಲ ನೋಡಿ. ಚರಂಡಿಯಲ್ಲಿ ಕುಳಿತು ನಾನು ಯಾರ ಪಾಲಿನಿಂದಲೂ ಏನನ್ನೂ ಹಿಡಿದುಕೊಳ್ಳಲಿಲ್ಲ. ಎದ್ದು ಕೈಕಾಲು ಮುಟ್ಟಿ ನೋಡಿಕೊಂಡೆ. ಆಮೇಲೆ ಇಳಿಜಾರನ್ನು ಒಮ್ಮೆ ನೋಡಿದೆ. ಇದೇ ಇಳಿಜಾರಿನಲ್ಲಿ ಮೇಷ್ಟ್ರು ದಿನಾ ಇಳಿಯುತ್ತಾರೆ. ಹೆಚ್ಚಿಗೆ ಹೇಳುವುದಿಲ್ಲ.

ಮೇಷ್ಟ್ರೇ, ಜೇಬಿನಿಂದ ಕೈ ತೆಗೆಯಿರಿ. ಆ ಫೋರ್ಕಿನ ಖರ್ಚು ಅಂಗಡಿಯದು. ಅಕ್ಕನ ಪಾಲು ಅಕ್ಕನಿಗೆ ಹೋಗುತ್ತದೆ, ನಾಳೆ ಬಾಗಿಲು ತೆಗೆದ ತಕ್ಷಣ. 'ಸವೆದದ್ದು ನಿಮ್ಮದು' ಎಂಬ ಹಲಗೆಯೂ ಆಗಲೇ ಇಳಿಯುತ್ತದೆ. ಹೊಸದಕ್ಕೆ ಒಂದು ಸಾಲು ಹೊಳೆದಿದೆ: 'ನಮ್ಮ ಕೈಯಲ್ಲಿ ಮುರಿದರೆ ನಾವು ಕೊಡುತ್ತೇವೆ.' ಪ್ರಾಸವಿಲ್ಲ. ದಾರಿಯುದ್ದಕ್ಕೂ ಸೈಕಲ್ ತಳ್ಳಿಕೊಂಡು ಬರುತ್ತಾ ಹುಡುಕಿದೆ, ಸಿಗಲಿಲ್ಲ.

ಅಕ್ಕ ಈಗ ನಗುತ್ತಿಲ್ಲ. ಅಷ್ಟರಮಟ್ಟಿಗೆ ಧೈರ್ಯ ಬಂದಿದೆ. ಬೀಳ್ಕೊಡುಗೆ ಭಾಷಣ ಮಾಡಲು ಬಂದವನಿಗೆ ಬೀಳುವುದಷ್ಟೇ ಸಾಧ್ಯವಾಯಿತು. ಕೊಡುವುದನ್ನು ಅಧ್ಯಕ್ಷರು ತಡೆಹಿಡಿಯಬೇಕು. ಗಡಿಯಾರ ಸ್ವಲ್ಪ ಹೊತ್ತು ಮೇಜಿನ ಮೇಲೇ ಇರಲಿ.

ಅಕ್ಕಾ, ನನ್ನ ಸೈಕಲ್ ಹೊರಗೆ ಗೋಡೆಗೆ ಒರಗಿದೆ. ಪೆಡಲ್ ಹಾಕಿ ನಾಳೆಯಿಂದ ಮತ್ತೆ ಅದರಲ್ಲೇ ಇದೇ ಇಳಿಜಾರು ಇಳಿಯಬೇಕು. ಹೋಗುವ ಮುಂಚೆ ಒಂದು ಸಲ ಎತ್ತಿ ಬಿಡು. ಮುರಿಯುವುದಿದ್ದರೆ ನಿನ್ನ ಕೈಯಲ್ಲೇ ಮುರಿಯಲಿ.

ಇಷ್ಟು ಹೊತ್ತು ಕೇಳಿದಿರಿ. ಕೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಎಲ್ಲರಿಗೂ ವಂದನೆ, ನಮಸ್ಕಾರ.