ಬೀರುವಿನ ಹಿಂದಿನ ಅಕ್ಕ

ಮಧ್ಯಾಹ್ನ ಹಿಡಿದ ಮಳೆ ಕತ್ತಲಾದರೂ ಬಿಡಲಿಲ್ಲ. ಕರೆಂಟು ಹೋಗಿ ಲಿಫ್ಟು ನಿಂತಿತು. ಅಷ್ಟು ಮೆಟ್ಟಿಲು ಹತ್ತಲಾರದೆ ಮೊದಲು ಕಾಂಪೌಂಡರ್ ಅಜ್ಜ, ಅವರಿಗೆ ಜೊತೆಯಾಗಿ ಮೇಲ್ಮನೆಯ ಟೀಚರಮ್ಮ, ಆಮೇಲೆ ಮಕ್ಕಳನ್ನು ಕಟ್ಟಿಕೊಂಡು ಇನ್ನಷ್ಟು ಜನ ನೆಲಮಹಡಿಯ ಮನೆಗೆ ಬಂದು ಕೂತರು. ಬಾಗಿಲಿಗೆ ಬಂದವರನ್ನು ಹೋಗಿ ಎನ್ನಲಾದೀತೆ? ಮನೆಯಾಕೆ "ಬನ್ನಿ ಬನ್ನಿ" ಎಂದಳು. ಎನ್ನುತ್ತಲೇ ಒಳಗೋಡಿ, ಘಮಘಮ ಸ್ಪ್ರೇ ತಂದು ಹಾಲಿನ ಮೂಲೆಮೂಲೆಗೂ ಹೊಡೆದಳು.

"ಅಲ್ಲಾ ಕಣೇ, ಬೀರು ಯಾಕೆ ಹಾಲಿಗೆ ಬಂತು?" ಟೀಚರಮ್ಮ ಮೇಣದಬತ್ತಿಯ ಬೆಳಕಲ್ಲಿ ಕಣ್ಣರಳಿಸಿದರು. "ಬಂದವರಿಗೆಲ್ಲ ನಿನ್ನ ಬಟ್ಟೆ ತೋರಿಸೋಕಾ?"

"ರೂಮಲ್ಲಿ ಜಾಗ ಸಾಲ್ದು ಟೀಚರೇ," ಎಂದು ನಕ್ಕು, ಮನೆಯಾಕೆ ಕುರ್ಚಿ ಎಳೆದುಕೊಂಡು ಬೀರುವಿಗೆ ಬೆನ್ನು ಹಾಕಿ ಕೂತಳು.

ಜಾಗದ ಮಾತೆಲ್ಲ ಸುಳ್ಳು. ಬೀರುವಿನ ಹಿಂದೆ, ಬಚ್ಚಲಿಗೆ ತಾಗಿದ ಗೋಡೆಯ ಮೇಲೆ, ನೆಲದಿಂದ ಆಳೆತ್ತರಕ್ಕೂ ಮೇಲೆ ಕಪ್ಪು ಬೂಷ್ಟು ಹಬ್ಬಿತ್ತು. ಅವಳ ಮಗಳು ಪುಟ್ಟಿ ಆ ಗೋಡೆಯ ಪಕ್ಕದ ದಿವಾನದ ಮೇಲೇ ಮಲಗುವುದು. ಈಚೆಗೆ ಅವಳಿಗೆ ಕೆಮ್ಮು ಬಿಡುತ್ತಲೇ ಇರಲಿಲ್ಲ. ಹೋದ ವಾರ ಡಾಕ್ಟರು, "ಮನೇಲಿ ಥಂಡಿ ಗೋಡೆ ಏನಾದ್ರೂ ಇದ್ಯಾ?" ಎಂದು ಕೇಳಿದಾಗ, ಪಕ್ಕದ ಬೆಂಚಿನಲ್ಲಿ ಇದೇ ಕಟ್ಟಡದವರು ಕೂತಿದ್ದನ್ನು ನೋಡಿ ಅವಳು "ಇಲ್ಲ" ಎಂದಿದ್ದಳು. ಅಂದಿನಿಂದ ಮಗಳು ಕೆಮ್ಮಿದಾಗಲೆಲ್ಲ ಅವಳಿಗೆ ತನ್ನ ಬಗ್ಗೆಯೇ ಅಸಹ್ಯವಾಗುತ್ತಿತ್ತು, ಆದರೂ ಬಾಯಿ ಬರುತ್ತಿರಲಿಲ್ಲ.

ಪುಟ್ಟಿ ಈಗಲೂ ಕೆಮ್ಮಿದಳು. ಕಾಂಪೌಂಡರ್ ಅಜ್ಜ ಇಡೀ ಆಯಸ್ಸನ್ನು ದವಾಖಾನೆಯಲ್ಲಿ ಮಾತ್ರೆ ಪೊಟ್ಟಣ ಕಟ್ಟುತ್ತ ಸವೆಸಿದವರು. ಮಗುವಿನ ಕಡೆ ನೋಡಿದರು, ಬೀರುವಿನ ಕಡೆ ನೋಡಿದರು, ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು.

"ದೆವ್ವದ ಕತೆ ಹೇಳಿ ಅಜ್ಜಾ!" ಎಂದವು ಮಕ್ಕಳು.

"ಹೇಳ್ತೀನಿ. ಆದ್ರೆ ದೆವ್ವ ಅಂದ್ರೆ ಏನಂದ್ಕೊಂಡಿದ್ದೀರಿ? ಕೂದಲು ಕೆದರ್ಕೊಂಡು, ಕಾಲು ಹಿಂದುಮುಂದಾಗಿ ಬರುತ್ತೆ ಅಂತಾನಾ? ಅಂಥದ್ದು ಬಂದ್ರೆ ಓಡ್ಬಹುದಪ್ಪ... ನಾನು ಹೇಳೋದು ಒಳ್ಳೇ ದೆವ್ವದ ಕತೆ. ನಿಮ್ಮ ಮೇಲೆ ಪ್ರೀತಿ ಇಟ್ಟಿರೋ ದೆವ್ವದಿಂದ ಎಲ್ಲಿಗೆ ಅಂತ ಓಡ್ತೀರಿ?

"ನಾನು ಪ್ರಾಯದವನಿದ್ದಾಗ ನಮ್ಮ ಬೀದೀಲಿ ಒಬ್ಬಳು ಹೆಂಗಸು. ಎಲ್ಲರೂ ಕನ್ನಡಿಯಮ್ಮ ಅನ್ನೋರು. ಯಾಕೆ ಗೊತ್ತಾ? ಅವಳ ಮನೆ ನೆಲದಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದಿತ್ತು! ಅವರ ಮನೆಗೆ ಹೋದ್ರೆ ಚಪ್ಪಲೀನೂ ಹೊರಗೆ, ಹೆಚ್ಚುಕಮ್ಮಿ ನಾವೂ ಹೊರಗೆ. ಅವಳ ಜೊತೇಲಿ ಅವಳ ಅಕ್ಕ ಇದ್ಲು... ಹಿಂದೆ ಮುಂದೆ ಯಾರೂ ಇಲ್ಲದವಳು. ಆ ಕನ್ನಡಿ ಒರೆಸ್ತಿದ್ದ ಕೈ ಅರ್ಧಕ್ಕರ್ಧ ಅಕ್ಕಂದೇ. ಹೊಗಳಿಕೆ ಮಾತ್ರ ಪೂರ್ತಿ ತಂಗೀದು. ಅಕ್ಕನಿಗೆ ಅದರಲ್ಲೇ ಖುಷಿ.

"ಅಕ್ಕ ಮಲಗ್ತಿದ್ದ ಹಿಂದಿನ ಕೋಣೆ ಗೋಡೆಯೊಳಗೆ ಒಂದ್ಸಲ ನೀರಿನ ಪೈಪು ಬಿರುಕು ಬಿಡ್ತು. ಮೊದಲು ಒಂದು ಒದ್ದೆ ಕಲೆ... ಆಮೇಲೆ ಬಣ್ಣ ಬೊಬ್ಬೆ ಎದ್ದಿತು... ಆಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕಿ, ಚುಕ್ಕಿ ಚುಕ್ಕಿ ಕೂಡ್ಕೊಂಡು ಗೋಡೆಯೆಲ್ಲ ಬೂಷ್ಟು. ಗಾರೆಯವನನ್ನ ಕರೆದಿದ್ರೆ ಅಲ್ಲಿಗೆ ಮುಗೀತಿತ್ತು. ಆದ್ರೆ ಗಾರೆಯವನಿಗೂ ಬಾಯಿ ಇರುತ್ತಲ್ಲ? ಕನ್ನಡಿಯಮ್ಮನ ಮನೇಲಿ ಬೂಷ್ಟಂತೆ ಅಂತ ಅವನು ನಾಳೆ ನಾಲ್ಕು ಜನರ ಹತ್ರ ಅಂದ್ರೆ? ಮೇಲೆ ಥಳಕು, ಒಳಗೆ ಹುಳುಕು ಅಂತ ಬೀದಿ ನಗಲ್ವಾ? ಅದಕ್ಕೆ ಬಾಗಿಲು ಹಾಕ್ಕೊಂಡು ತಾನೇ ಒಣ ಪೊರಕೇಲಿ ಗೋಡೆ ಕೆರೆದಳು. ಅಯ್ಯೋ, ಬೂಷ್ಟನ್ನ ಒಣಗಿದ್ದ ಹಾಗೇ ಕೆರೆಯೋದು ಅಂದ್ರೆ ಹೊಲಕ್ಕೆ ಬೀಜ ಎರಚಿದ ಹಾಗೆ! ಆ ಪುಡಿ ಕಣ್ಣಿಗೆ ಕಾಣಲ್ಲ... ಗಾಳೀಲಿ ತೇಲುತ್ತೆ, ಹಾಸಿಗೇಲಿ ಕೂರುತ್ತೆ, ಮೂಗಿಗೆ ಹೋಗುತ್ತೆ. ಕೆರೆದು ಮೇಲೆ ಸುಣ್ಣ ಬಳಿದಳು. ಮತ್ತೆ ಬಂತು. ಇನ್ನೊಂದು ಸಲ ಬಳಿದಳು. ನೀರು ನಿಲ್ಲದೆ ಬೂಷ್ಟು ನಿಲ್ಲುತ್ತಾ? ಕಡೆಗೆ ಬೀರು ತಂದು ಗೋಡೆಗೆ ಒತ್ತಿಟ್ಟು, ವಾಸನೆ ಬೀದಿಗೆ ಹೋಗಬಾರದು ಅಂತ ಕಿಟಕೀನೂ ಮುಚ್ಚಿದ್ಲು. ಅಕ್ಕನ ಹಾಸಿಗೆ ಮಾತ್ರ ಒಳಗೇ ಇತ್ತು."

ಮನೆಯಾಕೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅರಿವಿಲ್ಲದೆ ಒಂದು ಕೈಯನ್ನು ಹಿಂದೆ ಚಾಚಿ ಬೀರುವನ್ನು ಮುಟ್ಟಿದಳು. ಟೀಚರಮ್ಮ ಅದನ್ನು ನೋಡಿದರು.

"ಅಕ್ಕನ ಎದೆ ಮೊದಲೇ ಸೂಕ್ಷ್ಮ," ಅಜ್ಜ ಮುಂದುವರಿಸಿದರು. "ಬೂಷ್ಟು ಎಲ್ಲರನ್ನೂ ಹಾಗೆ ಹಿಡಿಯಲ್ಲ. ಕೆಲವರಿಗೆ ಬರೀ ಸೀನು, ಕಣ್ಣುರಿ. ಉಬ್ಬಸ ಇದ್ದವರಿಗೆ, ಮಕ್ಕಳಿಗೆ, ಮುದುಕರಿಗೆ ಕಷ್ಟ. ಅವಳಿಗೆ ಉಸಿರೆಳೆದ್ರೆ ಗೊರ್... ಗೊರ್... ಅನ್ನೋ ಸದ್ದು. ತಂಗಿ ದವಾಖಾನೆಗೆ ಕರ್ಕೊಂಡು ಬಂದ್ಲು. ಬೆಂಚಿನ ತುಂಬ ಜನ. ನಾನು ಅಲ್ಲೇ ಪೊಟ್ಟಣ ಕಟ್ತಿದ್ದೆ. ಡಾಕ್ಟರು, ಮನೇಲಿ ಗೋಡೆ ಒದ್ದೆ ಇದ್ಯಾ, ಬೂಷ್ಟು ಇದ್ಯಾ ಅಂದ್ರು. 'ಛೆ ಛೆ, ನಮ್ಮನೇಲಾ?' ಅಂದ್ಲು ಕನ್ನಡಿಯಮ್ಮ. ಡಾಕ್ಟರಿಗೆ ಏನನ್ನಿಸ್ತೋ, ಅಕ್ಕನ ಕಡೆ ತಿರುಗಿ, ನೀವು ಹೇಳಿ ಅಂದ್ರು. ಅಕ್ಕ ತಂಗಿ ಮುಖ ನೋಡಿದ್ಲು... ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಉಸಿರು ಕೂಡಿಸ್ಕೊಂಡು ಹೇಳಿದ್ಲು, 'ನಮ್ಮನೆ ಕನ್ನಡಿ ಇದ್ದ ಹಾಗಿದೆ ಡಾಕ್ಟ್ರೇ.'

"ಆ ಮಳೆಗಾಲ ಮುಗಿಯೋಕೆ ಮುಂಚೆ ಅಕ್ಕ ಹೋದ್ಲು."

ಹೊರಗೆ ಮಳೆ ಇನ್ನಷ್ಟು ಬಿರುಸಾಯಿತು. ಮಕ್ಕಳು ದೊಡ್ಡವರಿಗೆ ಒತ್ತಿಕೊಂಡರು.

"ಕತೆ ಈಗ ಶುರು. ಕೋಣೆ ಖಾಲಿ ಆಯ್ತಲ್ಲ, ಕನ್ನಡಿಯಮ್ಮ ತನ್ನ ಮಗನನ್ನ ಅಲ್ಲಿ ಮಲಗಿಸಿದ್ಲು. ಅವನ ಎದೇಲೂ ಅದೇ ಸದ್ದು ಶುರುವಾಯ್ತು... ಗೊರ್... ಗೊರ್... ಆಗ ಅವಳ ಜೀವ ಬಾಯಿಗೆ ಬಂತು. ಮಾನ ಹಾಳಾಗಿಹೋಗಲಿ ಅಂತ ಗಾರೆಯವನನ್ನ ಗುಟ್ಟಾಗಿ ಹಿಂಬಾಗಿಲಿಂದ ಕರೆಸಿದ್ಲು. ಗುಟ್ಟು ಬಿಡಲಿಲ್ಲ ನೋಡಿ, ಆಗ್ಲೂ! ಬಂದವನು ಬೀರು ಎಳೆದ. ಬರಲಿಲ್ಲ. ಒಳಗಿದ್ದ ಬಟ್ಟೆಬರೆ ಎಲ್ಲ ತೆಗೆದು ಎಳೆದ್ರು. ಬರಲಿಲ್ಲ. ಹಾರೆ ಕೊಟ್ಟು ಮೀಟಿದ್ರೂ ಇಲ್ಲ. ಕನ್ನಡಿಯಮ್ಮ ಬೀರುವಿಗೆ ಕಿವಿ ಇಟ್ಟು ಕೇಳಿದ್ಲು... ಹಿಂದುಗಡೆಯಿಂದ ಉಸಿರಾಡೋ ಸದ್ದು. ಆ ಉಸಿರಿನ ನಡುವೆ, ಬಹಳ ಮೆತ್ತಗೆ ಒಂದು ಮಾತು. 'ನೀನು ಹೋಗೇ... ನಾನು ಹಿಡ್ಕೊಂಡಿದ್ದೀನಿ... ಯಾರಿಗೂ ಕಾಣಿಸಲ್ಲ.'

"ಬದುಕಿದ್ದಾಗ ಯಾವ ಕೆಲಸಕ್ಕೆ ಇಟ್ಟಿದ್ಲೋ, ಸತ್ತ ಮೇಲೂ ಆ ಪಾಪದವಳು ಅದೇ ಕೆಲಸ ಮಾಡ್ತಿದ್ಲು!

"ಆವತ್ತು ಕನ್ನಡಿಯಮ್ಮ ಚಪ್ಪಲಿ ಕೂಡ ಇಲ್ಲದೆ, ಕೆಸರು ಕಾಲಲ್ಲಿ ದವಾಖಾನೆಗೆ ಬಂದ್ಲು. ಬೆಂಚಿನ ತುಂಬ ಜನ. ಎಲ್ಲರ ಮುಂದೆ ನಿಂತು ಹೇಳಿದ್ಲು... 'ನಮ್ಮನೇಲಿ ಬೂಷ್ಟಿದೆ. ನಾನು ಸುಳ್ಳು ಹೇಳಿದೆ. ನನ್ನ ಮಾನ ಉಳಿಸೋಕೆ ನಮ್ಮಕ್ಕನೂ ಸುಳ್ಳು ಹೇಳಿದ್ಲು. ಅಕ್ಕಾ, ಸಾಕು... ಬಿಟ್ಬಿಡು.' ಮನೆಗೆ ಹೋಗಿ ಒಂದು ಕೈಲಿ ಎಳೆದ್ರೆ ಬೀರು ಬಂತು ಕಣ್ರಪ್ಪ. ಹಿಂದೆ ನೋಡಿದ್ರೆ ಗೋಡೆಯೆಲ್ಲ ಕರ್ರಗೆ... ನಡುವೆ ಒಬ್ಬರು ಬೆನ್ನಾನಿಸಿ ನಿಲ್ಲುವಷ್ಟು ಜಾಗ ಮಾತ್ರ ಬೆಳ್ಳಗೆ."

"ಆಮೇಲೆ?" ಟೀಚರಮ್ಮನ ದನಿ ಸಣ್ಣಗಾಗಿತ್ತು.

"ಆಮೇಲೇನು, ಮೊದಲೇ ಮಾಡಬೇಕಾಗಿದ್ದನ್ನ ಮಾಡಿದ್ರು. ಮಗನನ್ನ ಪಕ್ಕದ ಮನೆಗೆ ಕಳಿಸಿದ್ರು. ಮೊದಲು ಪೈಪು ರಿಪೇರಿ. ಕೋಣೆ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಕಿಟಕಿ ತೆಗೆದು, ಮೂಗುಬಾಯಿಗೆ ಒಳ್ಳೇ ಮಾಸ್ಕು, ಕೈಗೆ ಗವಸು ಹಾಕ್ಕೊಂಡು, ಧೂಳು ಏಳದ ಹಾಗೆ ಗೋಡೆಗೆ ನೀರು ಚಿಮುಕಿಸಿ, ಕೊಳೆತ ಗಾರೆ ಕಿತ್ತು ಚೀಲದಲ್ಲಿ ಬಾಯಿ ಕಟ್ಟಿ ಸಾಗಿಸಿದ್ರು. ಅಕ್ಕನ ಹಾಸಿಗೇನೂ ಹೋಯ್ತು. ಉಳಿದದ್ದನ್ನ ಸೋಪಿನ ನೀರಲ್ಲಿ ಉಜ್ಜಿ, ಗೋಡೆ ಪೂರ್ತಿ ಒಣಗಿದ ಮೇಲೇ ಸುಣ್ಣ ಕಂಡದ್ದು. ಮಗ ಉಳ್ಕೊಂಡ."

"ಆ ಅಕ್ಕ ಎಲ್ಲಿಗೆ ಹೋದ್ಲು ಅಜ್ಜಾ?" ಪುಟ್ಟಿ ಕೇಳಿ, ಕೆಮ್ಮತೊಡಗಿದಳು.

ಅಜ್ಜ ಅವಳ ಬೆನ್ನು ನೇವರಿಸಿದರು. "ಇನ್ನೊಬ್ಬರ ಮಾನ ಕಾದು ಕಾದು ಅಭ್ಯಾಸ ಆಗಿಹೋದವಳು ಮಗೂ... ಸುಮ್ನೆ ಕೂರ್ತಾಳಾ? ಅವಳಿಗೆ ಲೋಕದ ತುಂಬ ತಂಗಿಯರು."

ಕೆಮ್ಮು ನಿಲ್ಲಲಿಲ್ಲ. ಮನೆಯಾಕೆ ತಟ್ಟನೆ ಎದ್ದಳು. ಏನೂ ಹೇಳುವ ಧೈರ್ಯವಿರಲಿಲ್ಲ. ಬೀರು ಸರಿಸಿದರೆ ಗೋಡೆಯೇ ಹೇಳುತ್ತದಲ್ಲ, ತಾನು ಬಾಯಿ ಬಿಡುವುದು ತಪ್ಪುತ್ತದಲ್ಲ ಎಂದುಕೊಂಡು ಬೀರುವಿಗೆ ಕೈ ಹಾಕಿ ಎಳೆದಳು.

ಅದು ಅಲುಗಲಿಲ್ಲ.

ನಿನ್ನೆ ತಾನೊಬ್ಬಳೇ ಕೋಣೆಯಿಂದ ಎಳೆದು ತಂದಿದ್ದ ಬೀರು. ಟೀಚರಮ್ಮ ಕೈಜೋಡಿಸಿದರು, ಇನ್ನಿಬ್ಬರು ಜೋಡಿಸಿದರು. "ಏನಮ್ಮಾ, ಇದರೊಳಗೆ ಏನು ಕಲ್ಲು ತುಂಬಿದ್ದೀಯಾ?" ಎಂದು ಯಾರೋ ನಕ್ಕರು. ಅಜ್ಜ ನಗಲಿಲ್ಲ.

"ಎಳೀಬೇಡ ತಾಯಿ," ಎಂದರು ಮೆಲ್ಲಗೆ. "ಹೇಳು."

ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಬೀರುವಿನ ಹಿಂದಿನಿಂದ ಸಣ್ಣಗೆ ಉಬ್ಬಸದ ಸದ್ದು ಕೇಳುತ್ತಿತ್ತು, ಪುಟ್ಟಿಯೋ ಈಚೆ ಕಡೆ ಅಜ್ಜನ ತೊಡೆಯ ಮೇಲಿದ್ದಳು.

"ಗೋಡೆ ತುಂಬ ಬೂಷ್ಟಿದೆ," ಎಂದಳು ಮನೆಯಾಕೆ. "ನಂಗೆ ಗೊತ್ತಿತ್ತು. ನೀವೆಲ್ಲ ಏನಂತೀರೋ ಅಂತ... ಡಾಕ್ಟ್ರು ಕೇಳಿದಾಗ ಇಲ್ಲ ಅಂದೆ. ನನ್ನ ಮಗಳು ಪಕ್ಕದಲ್ಲೇ ಕೂತಿದ್ಲು, ಆದ್ರೂ ಇಲ್ಲ ಅಂದೆ. ನಾಚಿಕೆ ಆಗುತ್ತೆ ಟೀಚರೇ, ಸತ್ತುಹೋಗೋ ಅಷ್ಟು ನಾಚಿಕೆ ಆಗುತ್ತೆ."

ಅವಳ ಕೈ ಇನ್ನೂ ಬೀರುವಿನ ಮೇಲಿತ್ತು. ಅದು ಸಲೀಸಾಗಿ ಮುಂದೆ ಬಂತು.

ಎಲ್ಲರೂ ಗೋಡೆಯ ಕಪ್ಪನ್ನು ನೋಡಿದರು. ಅವಳು ಮಾತ್ರ ಆ ಕಪ್ಪಿನ ನಡುವೆ ಆಳೆತ್ತರಕ್ಕೆ ಮೂಡಿದ್ದ ಬಿಳಿಯನ್ನು ನೋಡುತ್ತ ನಿಂತಳು. ನಿನ್ನೆ ಅದು ಅಲ್ಲಿರಲಿಲ್ಲ.

ಟೀಚರಮ್ಮ ಪುಟ್ಟಿಯನ್ನು ಎತ್ತಿಕೊಂಡರು. "ಗೋಡೆ ಒಣಗೋವರೆಗೆ ಇವಳು ನಮ್ಮನೇಲಿ ಮಲಗಲಿ. ನಾಳೆ ಗಾರೆಯವನಿಗೆ ನಾನೇ ಹೇಳ್ತೀನಿ," ಎಂದರು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಜನ ಏಕೋ ಒಬ್ಬರ ಮುಖ ಒಬ್ಬರು ನೋಡದೆ ಚಪ್ಪಲಿ ಹುಡುಕತೊಡಗಿದರು.

ಅಜ್ಜ ಬಾಗಿಲ ಬಳಿ ನಿಂತರು.

"ಮನೆಗೆ ಹೋದ ಮೇಲೆ ನಿಮ್ಮ ನಿಮ್ಮ ಬೀರು ಒಂದ್ಸಲ ಎಳೆದು ನೋಡಿ. ಸಲೀಸಾಗಿ ಬಂದ್ರೆ ಸಂತೋಷ... ಬರಲಿಲ್ಲ ಅಂದ್ರೆ ಜೋರು ಮಾಡಬೇಡಿ. ಅವಳು ಈಗ ತಾನೆ ಇಲ್ಲಿಂದ ಹೊರಟಿದ್ದಾಳೆ."