ಮೂರು ಗಂಜಿ, ಒಂದು ಗಡಿಗೆ

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಹಿಂದೆ ಹೋಗಿ. ಕತೆ ಶುರುಮಾಡ್ತೀನಿ.

ಒಂದಾನೊಂದು ಕಾಲ. ಯಾವ ಕಾಲ? ನಮ್ಮಜ್ಜಿಯ ಅಜ್ಜಿಗೆ ಹಾಲುಹಲ್ಲಿದ್ದ ಕಾಲ. ಒಂದಾನೊಂದು ನಾಡು. ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಅಲ್ಲೊಂದು ಹೊಳೆ, ಹೊಳೆ ದಡದಲ್ಲೊಂದು ಛತ್ರ, ಛತ್ರದ ಒಲೆ ಮುಂದೆ ಸಣ್ಣೀರಮ್ಮ. ಇಪ್ಪತ್ತು ವರ್ಷದಿಂದ ಅಲ್ಲೇ ಬೇಯಿಸ್ತಿದ್ದಳು. ಅವಳಿಗೆ ಮನೆ ಅಂದ್ರೂ ಅದೇ, ಮಕ್ಕಳು ಅಂದ್ರೂ ಬಂದುಹೋಗೋ ಜನವೇ.

ಆ ಛತ್ರಕ್ಕೆ ಎರಡು ಕಟ್ಟಳೆ. ಒಲೆ ಮೇಲೆ ಒಂದೇ ಗಡಿಗೆ ಇಡಬೇಕು, ಅವರಿಗೊಂದು ಇವರಿಗೊಂದು ಅನ್ನೋ ಹಾಗಿಲ್ಲ. ಬಂದೋರು ಕೇಳಿದ ಅಡುಗೆ ಕೊಟ್ಟೇ ಕಳಿಸಬೇಕು. ಒಬ್ಬನೇ ಒಬ್ಬ ಬೇಜಾರಾಗಿ ಹೋದ್ರೂ ಒಲೆಗೆ ನೀರು ಸುರೀಬೇಕು, ಅಡುಗೆಯವಳು ಗಂಟುಮೂಟೆ ಕಟ್ಟಬೇಕು.

ಒಂದಿನ ಜೋರು ಮಳೆ. ಹೊಳೆ ತುಂಬಿ ದೋಣಿ ನಿಂತುಹೋಯ್ತು. ಮೂರು ಜನ ತೊಯ್ದು ತೊಪ್ಪೆಯಾಗಿ ಒಳಗೆ ಬಂದರು. ಒಬ್ಬ ತೆಲುಗು ಸೀಮೆಯ ನೇಕಾರ ಭೂಷಣಂ. ಒಬ್ಬ ಮಲಯಾಳದ ಮೆಣಸಿನ ವ್ಯಾಪಾರಿ ಚಾತ್ತು. ಇನ್ನೊಬ್ಬ ಒಡಿಯಾ ಸೀಮೆಯವನು, ದಾಮು ಸಾಹು.

"ಏನು ಬೇಕ್ರಪ್ಪಾ?" ಅಂದಳು ಸಣ್ಣೀರಮ್ಮ.

"ಗಂಜಿ" ಅಂದ ಭೂಷಣಂ. "ಕಂಜಿ" ಅಂದ ಚಾತ್ತು. "ಕಾಂಜಿ" ಅಂದ ಸಾಹು.

ಸಣ್ಣೀರಮ್ಮನಿಗೆ ಖುಷಿಯೋ ಖುಷಿ. ನಾಲಿಗೆ ಹೇಗೆ ಹೊರಳಿದ್ರೇನು, ಮೂರೂ ಒಂದೇ ಅಲ್ವಾ? ಒಂದೇ ಗಡಿಗೆ ಸಾಕು! ನುಚ್ಚಕ್ಕಿ ಹಾಕಿ, ಉಪ್ಪು ಹಾಕಿ, ತೆಳ್ಳಗೆ ಕಾಯಿಸಿ ಮೂರು ಬಟ್ಟಲಿಗೆ ಬಗ್ಗಿಸಿದಳು.

ಭೂಷಣಂ ಬಟ್ಟಲಿಗೆ ಬೆರಳದ್ದಿ ನೋಡಿದ. "ಅಮ್ಮಾ, ಇದಕ್ಕೆ ಉಪ್ಪು ಹಾಕ್ತಾರಾ? ನನ್ನ ನೂಲೆಲ್ಲ ನೆಂದು ಮೆತ್ತಗಾಗಿದೆ. ನೂಲಿಗೆ ಹಚ್ಚೋಕೆ ಗಂಜಿ ಬೇಕಿತ್ತು."

"ಚೇಚಿ, ಅಕ್ಕಾ, ಅನ್ನ ಎಲ್ಲಿ? ಹೆಸರುಕಾಳೆಲ್ಲಿ? ಇದು ನೀರು!" ಅಂದ ಚಾತ್ತು.

ಸಾಹು ಒಂದು ಗುಟುಕು ಕುಡಿದು ಮುಖ ಇಳಿಬಿಟ್ಟ. "ಮಾ, ಇದರಲ್ಲಿ ಹುಳಿಯೇ ಇಲ್ಲ. ಕಾಂಜಿ ಅಂದ್ರೆ ಹುಳಿ ಇರ್ಬೇಕು."

ಅಲ್ಲಿಗೆ ಶುರುವಾಯ್ತು ನೋಡಿ ಜಗಳ! "ಗಂಜಿ ಅನ್ನೋ ಮಾತು ನಮ್ಮದು, ಮಗ್ಗದಿಂದ ಹುಟ್ಟಿದ್ದು" ಅಂತ ಒಬ್ಬ. "ನಮ್ಮದು, ಹಡಗು ಹತ್ತಿ ಚೀನಾದವರ ಜೊತೆ ಹೋಗಿದ್ದು" ಅಂತ ಒಬ್ಬ. "ನಮ್ಮದು, ಸಂಸ್ಕೃತದ ವೈದ್ಯರ ಓಲೆಯಲ್ಲೇ ಇದೆ" ಅಂತ ಇನ್ನೊಬ್ಬ. ಅಲ್ಲಾ, ಮಾತಿಗೆ ಹೊಳೆ ದಾಟೋಕೆ ದೋಣಿ ಬೇಕಾ? ಆದರೆ ಹಸಿದವರಿಗೆ ಬುದ್ಧಿ ಹೇಳೋರು ಯಾರು?

ಛತ್ರದ ಪಾರುಪತ್ತೆಗಾರ ತಿಪ್ಪಯ್ಯನಿಗೆ ಹಬ್ಬವಾಯ್ತು. ಅವನ ಬಾಮೈದನಿಗೆ ಆ ಒಲೆ ಮೇಲೆ ಎಷ್ಟು ದಿನದಿಂದ ಕಣ್ಣು! "ಹೊಳೆ ಇಳಿಯೋಕೆ ಮೂರು ದಿನ ಬೇಕು. ಅಷ್ಟರಲ್ಲಿ ಮೂವರೂ ತೃಪ್ತಿಯಾದರೆ ಸರಿ. ಇಲ್ಲಾಂದ್ರೆ ನಾನೇ ಒಲೆಗೆ ನೀರು ಸುರೀತೀನಿ" ಅಂದ. ಅವಳು ಇನ್ನೊಂದು ಗಡಿಗೆ ಇಟ್ಟುಬಿಟ್ಟಾಳು ಅಂತ ಹೊರಗೆ ಸೂರಿನ ನೀರಲ್ಲಿ ನಿಂತು ಕಿಟಕಿಯಲ್ಲಿ ಇಣುಕ್ತಾ ಕಾವಲು ಕಾದ.

ಸಣ್ಣೀರಮ್ಮ ಸೆರಗಲ್ಲಿ ಬಾಯಿ ಮುಚ್ಚಿ ಅತ್ತಳು. ಇಪ್ಪತ್ತು ವರ್ಷದ ಒಲೆ ಕಣ್ರೀ, ಹೊಟ್ಟೆ ಉರಿಯಲ್ವಾ? ಅತ್ತು, ಮುಖ ತೊಳೆದು, ಮೂವರ ಮುಂದೆ ಕೂತಳು. "ನಾನು ಕೇಳದೇ ಕಾಯಿಸಿದ್ದು ತಪ್ಪು. ನಿಮ್ಮನಿಮ್ಮ ಅಮ್ಮ ಹೇಗೆ ಮಾಡ್ತಿದ್ದರು, ಬಿಡಿಸಿ ಹೇಳಿ."

ಅವರು ಹೇಳಿದರು. ಇವಳು ಕೇಳಿದಳು. ಉಳಿದ ಗಂಜಿ ಚೆಲ್ಲಲಿಲ್ಲ, ಮಣ್ಣಿನ ಜಾಡಿಗೆ ಸುರಿದು ಒಲೆ ಪಕ್ಕ ಬೆಚ್ಚಗೆ ಇಟ್ಟಳು.

ಮೊದಲನೇ ದಿನ ಗಡಿಗೆ ತುಂಬ ಅನ್ನಕ್ಕಿಟ್ಟಳು, ಉಪ್ಪಿಲ್ಲದೆ. ಕೊತಕೊತ ಕುದ್ದಾಗ ತಿಳಿ ಬಸಿದಳು. ಭೂಷಣಂ ಅದರಲ್ಲಿ ನೂಲಿನ ಲಡಿ ಅದ್ದಿ, ಹಿಂಡಿ, ತೊಲೆಗೆ ಇಳಿಬಿಟ್ಟ. ನೂಲು ಗರಿಗರಿ, ಅವನ ಮುಖವೂ ಗರಿಗರಿ!

ಎರಡನೇ ದಿನ ಅದೇ ಗಡಿಗೆ, ಅದೇ ಅಕ್ಕಿ. ಹೆಸರುಕಾಳನ್ನ ಬಟ್ಟೆಯಲ್ಲಿ ಗಂಟು ಕಟ್ಟಿ ಅದರೊಳಗೇ ಇಳಿಬಿಟ್ಟಳು. ಬಸಿಯದೆ ಬಿಸಿಬಿಸಿ ಬಡಿಸಿ, ಹಲಸಿನೆಲೆ ಮಡಚಿ ಚಮಚ ಮಾಡಿಕೊಟ್ಟಳು. ಚಾತ್ತು ಸುರ್ರಂತ ಎಳೆದ, ಇನ್ನೊಂದು ಸಲ ಎಳೆದ, ಮೂರನೇ ಸಲ ಕಣ್ಣಲ್ಲಿ ನೀರು ತಂದುಕೊಂಡ. "ಚೇಚಿ, ನನ್ನ ಮನೆ ಹಿತ್ತಿಲೇ ಕಂಡಿತು."

ಮೂರನೇ ದಿನ ಜಾಡಿ ಮುಚ್ಚಳ ತೆಗೆದಳು. ಘಮ್ಮಂತ ಹುಳಿ! ಸೌಟಿನಲ್ಲೇ ಎಣ್ಣೆ ಕಾಯಿಸಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಸಿಡಿಸಿದಳು.

"ಹೇ ಹೇ, ಎರಡನೇ ಪಾತ್ರೆ!" ಅಂತ ಕಿಟಕಿಯಿಂದ ತಿಪ್ಪಯ್ಯ ಕಿರುಚಿದ.

"ಸೌಟೇನು ಗಡಿಗೆಯಾ ಸ್ವಾಮಿ?" ಅಂತ ಮೂವರೂ ನಕ್ಕರು.

ಸಾಹು ಕುಡಿದ, ತಲೆದೂಗಿದ, ಜಾಡಿಯನ್ನೇ ಎತ್ತಿ ಅಪ್ಪಿಕೊಂಡ. ಆಮೇಲೆ ಭೂಷಣಂ ಹುಳಿ ಕುಡಿದ, ಸಾಹು ಹಲಸಿನೆಲೆ ಹಿಡಿದ, ಚಾತ್ತು ತನ್ನ ಮುಂಡು ಪಂಚೆಗೆ ಗಂಜಿ ಹಾಕಿಕೊಡು ಅಂದ. ಮಾತು ಯಾರದು ಅನ್ನೋ ಜಗಳ ಮಾತ್ರ ಬಿಡಲಿಲ್ಲ. ಆದರೆ ಈಗ ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡು, ನಗ್ತಾ ನಗ್ತಾ ಜಗಳ ಆಡಿದರು. ಸಣ್ಣೀರಮ್ಮನ ಎದೆ ತುಂಬಿಬಂತು.

ಹೊಳೆ ಇಳೀತು. ಮೂವರೂ ಕೈಮುಗಿದು ದೋಣಿ ಹತ್ತಿದರು. ಇವಳು ಬಾಗಿಲಲ್ಲಿ ನಿಂತು ಕೈಬೀಸಿ ಒಳಗೆ ಬರ್ತಾಳೆ, ಜಗಲಿ ಮೇಲೆ ತಿಪ್ಪಯ್ಯ ಗಡಗಡ ನಡುಗ್ತಾ ಮುದುರಿಕೊಂಡಿದ್ದಾನೆ. ಮೂರು ದಿನ ಸೂರಿನ ನೀರಲ್ಲಿ ನಿಂತರೆ ಇನ್ನೇನಾಗುತ್ತೆ? ಮೈ ಕೆಂಡದಂಥ ಜ್ವರ.

"ಸಣ್ಣೀರಮ್ಮಾ, ಬಾಯಿಗೆ ಏನೂ ಸೇರ್ತಿಲ್ಲ. ಒಂದು ಲೋಟ ಗಂಜಿ ಮಾಡಿಕೊಡವ್ವಾ."

ಅವಳು ನೀರಿನ ಬಿಂದಿಗೆ ಎತ್ತಿಕೊಂಡಳು. ಒಲೆ ನೋಡಿದಳು, ಅವನ ಮುಖ ನೋಡಿದಳು.

"ಹೇಳಿ ಸ್ವಾಮಿ. ಈ ನೀರನ್ನ ಒಲೆಗೆ ಸುರೀಲೋ, ಗಡಿಗೆಗೆ ಸುರೀಲೋ?"

"ಗಡಿಗೆಗೇ ಸುರಿಯವ್ವಾ, ಗಡಿಗೆಗೇ!"

ಅವರು ಅಲ್ಲಿ ಕುಡಿದರು, ನೀವು ಇಲ್ಲಿ ಕೇಳಿದಿರಿ. ಏಳಿ ಏಳಿ, ನಿಮ್ಮನಿಮ್ಮ ಮನೆ ಒಲೆ ಉರೀತಿದೆಯಾ ನೋಡ್ಕೊಳ್ಳಿ.